ಡೂಪಕ್ಕ ಮಲಗುವಂಥ ಕಾರು

ಮನೆ, ಮಹಡಿ ಮೇಲಿನ ಕೋಣೆ
ಮಾರ್ಚ್ ೯, ಭಾನುವಾರ, ಊಟವಾದ ಮೇಲೆ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮ? ಬೆನ್ನುನೋವು ಕಡಿಮೆಯಾಯಿತೆ? ಎಂಜಿನ್ ರೂಮಿನ ಸೆಕೆಗೆ ಕುತ್ತಿಗೆ ತುಂಬ ಬೆವರುಸಾಲೆ ಎದ್ದಿದೆ ಅಂತ ಕಳೆದ ಶನಿವಾರ ನೀನು ಹೇಳುತ್ತಿರುವಾಗಲೇ ಲೈನ್ ಕಟ್ಟಾಯಿತು. ಆಮೇಲೆ ಅದೇನಾಯಿತೋ ಎಂದು ನಾನು ಇಲ್ಲಿ ನನ್ನ ಕುತ್ತಿಗೆ ಕೆರೆದುಕೊಳ್ಳುತ್ತ ಕೂತಿದ್ದೇನೆ. ಚೆನ್ನಾಗಿ ನೀರು ಕುಡಿ. ಸಮುದ್ರದ ಮಧ್ಯೆ ಇರುವವಳಿಗೆ ನೀರು ಕುಡಿ ಎಂದು ಬರೆಯುವವನು ನಿನ್ನಪ್ಪ ಒಬ್ಬನೇ ಇರಬೇಕು. ನಾನು ಆರೋಗ್ಯವಾಗಿದ್ದೇನೆ. ಮಂಡಿ ತನ್ನ ಪಾಡಿಗೆ ತಾನು ಗೊಣಗುತ್ತದೆ, ನಾನು ನನ್ನ ಪಾಡಿಗೆ. ನಿನ್ನ ಗಂಡ ತನ್ನ ಲ್ಯಾಬಿನಲ್ಲಿ ಮಾಡಿಕೊಟ್ಟ ಹಲ್ಲಿನ ಸೆಟ್ಟು ಈಗ ಸರಿಯಾಗಿ ಕೂತಿದೆ. ಈ ವಾರ ಅವನ ಮೇಲೆ ಹಲ್ಲು ಕಡಿಯುವ ಸಂದರ್ಭ ಬಂದಾಗ ಅವನು ಮಾಡಿದ ಹಲ್ಲನ್ನೇ ಕಡಿದೆ. ಆ ವಿಷಯ ಮುಂದೆ ಬರುತ್ತದೆ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಅನ್ನುತ್ತೀಯ. ವಾರಕ್ಕೊಂದು ಸಲ ಬರುವ ನಿನ್ನ ಫೋನನ್ನು ಮೊದಲು ನಿನ್ನ ಮಗಳು ಹಿಡಿಯುತ್ತಾಳೆ, ಆಮೇಲೆ ನಿನ್ನ ಗಂಡ. ನನ್ನ ಕೈಗೆ ಬರುವಷ್ಟರಲ್ಲಿ ಉಳಿಯುವುದು ‘ಹಲೋ ಹಲೋ’ ಮಾತ್ರ. ನಮ್ಮ ಹಿಂದಿನ ಬೀದಿಯ ಎಲೆಕ್ಟ್ರಿಷಿಯನ್ ನಿನ್ನ ಹಡಗಿಗೇ ಹತ್ತುತ್ತಾನಂತೆ. ಇವತ್ತು ಸಂಜೆ ವಿಮಾನ, ನಾಳೆ ರಾತ್ರಿ ಬಂದರು. ಅವನ ಕೈಯಲ್ಲಿ ಇದನ್ನು ಕೊಟ್ಟುಕಳಿಸುತ್ತೇನೆ. ಸಂಜೆ ಹೋಗುವ ಮೊದಲು ಗೇಟಿನ ಹತ್ತಿರ ಬರುತ್ತೇನೆ ಎಂದಿದ್ದಾನೆ. ಹಾಗಾಗಿ ಇನ್ ಎ ನಟ್‌ಶೆಲ್ ಬರೆಯುತ್ತೇನೆ. ನಗಬೇಡ. ಇಷ್ಟು ವರ್ಷ ರೈಲ್ವೆ ಸ್ಟೇಷನ್ನಿನಲ್ಲಿ ಮೈಕಿನ ಮುಂದೆ ಕೂತು ಊರಿಗೆಲ್ಲ ರೈಲು ತಡ ಅಂತ ಹೇಳಿದವನಿಗೆ ಚುಟುಕಾಗಿ ಹೇಳುವುದು ಬರುವುದಿಲ್ಲವೇ?

ನಿನ್ನ ಮಗಳು ಪಿಟೀಲು ಚೆನ್ನಾಗಿದ್ದಾಳೆ. ಮೊದಲ ವಾಕ್ಯದಲ್ಲೇ ಬರೆಯಬೇಕಿತ್ತು, ತಪ್ಪಾಯಿತು. ಕುಂಟುವುದು ಸ್ವಲ್ಪ ಜಾಸ್ತಿಯಾಗಿದೆ. ಅದನ್ನು ಅವಳು ಒಂದು ಥರ ಕುಣಿತ ಮಾಡಿಕೊಂಡಿದ್ದಾಳೆ, ನೋಡಿದವರಿಗೆ ಬೇಕೆಂದೇ ಮಾಡುತ್ತಿದ್ದಾಳೆ ಅನ್ನಿಸಬೇಕು, ಹಾಗೆ. ಸೊಂಟದ ಆಪರೇಷನ್ ಇಪ್ಪತ್ತನೇ ತಾರೀಖಿಗೇ ನಿಗದಿಯಾಗಿದೆ. ಆದರೆ ನಿನಗೆ ಗೊತ್ತಿಲ್ಲದ ಒಂದು ಮಾತು ಇದೆ. ಹೋದ ಸೋಮವಾರದ ಹಿಂದಿನ ಸೋಮವಾರ ರಕ್ತ ಪರೀಕ್ಷೆಗೆ ಆಸ್ಪತ್ರೆಗೆ ಹೋದಾಗ ಅಲ್ಲಿಯ ದೊಡ್ಡ ಸಿಸ್ಟರು ನನ್ನನ್ನೂ ನಿನ್ನ ಗಂಡನನ್ನೂ ಕೂರಿಸಿಕೊಂಡು ಹೇಳಿದರು. ಸೊಂಟದಿಂದ ಎರಡೂ ಪಾದದವರೆಗೆ ಪ್ಲಾಸ್ಟರು ಹಾಕುತ್ತಾರೆ, ಕಾಲು ಅಗಲಿಸಿ, ನಡುವೆ ಒಂದು ಅಡ್ಡಕೋಲು. ಮಗು ಕೂರುವ ಹಾಗಿಲ್ಲ, ಮಲಗಿಯೇ ಬರಬೇಕು. ಮಲಗಿಸಿ ಕಟ್ಟುವ ಅಗಲದ ಪಟ್ಟಿ ಅವರೇ ಕೊಡುತ್ತಾರೆ, ಅದನ್ನು ಸೀಟ್ ಬೆಲ್ಟಿಗೆ ಸಿಕ್ಕಿಸಬೇಕು. ‘ಬೆಟ್ಟದ ದಾರಿ ಬೇರೆ. ಅಡ್ಮಿಟ್ ಮಾಡೋ ದಿನವೇ ಗಾಡಿ ತಂದು ತೋರಿಸಿ. ಗಾಡಿ ನೋಡ್ದೆ ನಾವು ಚಾಕು ಮುಟ್ಟಲ್ಲ. ನಿಮ್ಮ ಸರದಿ ಮುಂದಿನ ಮಗುವಿಗೆ ಹೋಗುತ್ತೆ, ಅಷ್ಟೇ.’ ಇಪ್ಪತ್ತಾದ ಮೇಲೆ ಡಾಕ್ಟರಿಗೆ ದೀರ್ಘ ರಜೆ. ಮೂಳೆ ಬಲಿಯುವ ಮುಂಚೆ ಆಗಬೇಕು ಎಂದು ಅವರು ಹೇಳಿದ್ದು ನಿನಗೂ ನೆನಪಿದೆ. ನಮ್ಮ ಪುಟ್ಟ ಕಾರಿನ ಹಿಂದಿನ ಬಾಗಿಲಲ್ಲಿ ನನ್ನ ಕೊಡೆ ಅಡ್ಡ ಹಿಡಿದರೆ ಒಳಗೆ ಹೋಗುವುದಿಲ್ಲ. ಹಾಗಾಗಿ ಒಂದು ಎಸ್‌ಯುವಿ ಬೇಕು, ಹಳೆಯದೇ ಸರಿ, ಇಪ್ಪತ್ತರ ಒಳಗೆ ಬೇಕು.

ಹುಡುಕುವ ಕೆಲಸವನ್ನು ನಾನು ವಹಿಸಿಕೊಂಡೆ. ಕಂಪ್ಯೂಟರಿನಲ್ಲಿ ಒಂದು ಜಾಗ ಇದೆ, ಅಲ್ಲಿ ಮೂರು ಮಾಡೆಲ್ಲುಗಳನ್ನು ಅಕ್ಕಪಕ್ಕ ನಿಲ್ಲಿಸಿ ಹೋಲಿಸಬಹುದು. ಇದ್ದದ್ದಕ್ಕೆ ಹಸಿರು ಟಿಕ್ಕು, ಇಲ್ಲದ್ದಕ್ಕೆ ಕೆಂಪು ಇಂಟು. ನನಗೆ ಕಾಲೇಜು ನೆನಪಾಯಿತು. ಇಂಗ್ಲಿಷ್ ಪೇಪರಿನಲ್ಲಿ ‘ಕಂಪೇರ್ ಅಂಡ್ ಕಾಂಟ್ರಾಸ್ಟ್’ ಅಂತ ಒಂದು ಪ್ರಶ್ನೆ ತಪ್ಪದೆ ಬರುತ್ತಿತ್ತು. ನಾನು ‘ಆನ್ ದಿ ಒನ್ ಹ್ಯಾಂಡ್’ ಅಂತ ಶುರು ಮಾಡಿ ಇನ್ನೊಂದು ಹ್ಯಾಂಡಿಗೆ ಹೋಗುವಷ್ಟರಲ್ಲಿ ಬೆಲ್ಲು ಹೊಡೆಯುತ್ತಿತ್ತು. ಈಗ ಹಾಗಾಗಬಾರದು ಎಂದು ಪಟ್ಟಾಗಿ ಕೂತು ಹೋಲಿಸಿದೆ. ಚಾವಣಿಯಲ್ಲಿ ಕಿಟಕಿ ಇದೆಯೇ, ಹಾಡು ಕೇಳಿಸುವ ಡಬ್ಬಿ ಎಷ್ಟು, ಸೀಟು ತಣ್ಣಗಾಗುತ್ತದೆಯೇ, ಎಲ್ಲಕ್ಕೂ ಟಿಕ್ಕು. ಕಾಲು ಅಗಲಿಸಿದ ಆರು ವರ್ಷದ ಮಗು ಹಿಂದಿನ ಬಾಗಿಲಲ್ಲಿ ಅಡ್ಡಡ್ಡ ಹೋಗುತ್ತದೆಯೇ ಎಂಬುದಕ್ಕೆ ಮಾತ್ರ ಟಿಕ್ಕೂ ಇಲ್ಲ, ಇಂಟೂ ಇಲ್ಲ. ‘ಐ ಬೆಗ್ ಟು ಸ್ಟೇಟ್’ ಅಂತ ಶುರು ಮಾಡಿ ಅವರಿಗೆ ಒಂದು ಮೇಲ್ ಬರೆದೆ. ನಿಮ್ಮ ಆಸಕ್ತಿಗೆ ಧನ್ಯವಾದ, ಯಾವ ಬಣ್ಣ ಬೇಕು ಅಂತ ಉತ್ತರ ಬಂತು.

ಆಗ ನಿನ್ನ ಗಂಡ ಮಾಡಿದ ಕೆಲಸವನ್ನು ನಿನಗೆ ಹೇಳಲೇಬೇಕು. ಮೂರು ದಿನ ಲ್ಯಾಬಿನ ಬಾಗಿಲು ಹಾಕಿಕೊಂಡು ಏನೋ ಮಾಡುತ್ತಿದ್ದ. ಯಾರದೋ ದವಡೆ ಇರಬೇಕೆಂದು ನಾನು ಸುಮ್ಮನಿದ್ದೆ. ನಾಲ್ಕನೇ ದಿನ ಹೊರಗೆ ತಂದ ನೋಡು, ನಿನ್ನ ಮಗಳನ್ನೇ! ಸಿಸ್ಟರಿನಿಂದ ಅಳತೆ ತೆಗೆದುಕೊಂಡು, ಹಲ್ಲಿನ ಅಚ್ಚಿಗೆ ಬಳಸುವ ಪ್ಲಾಸ್ಟರಿನಲ್ಲಿ ಸೊಂಟದಿಂದ ಪಾದದವರೆಗೆ, ಕಾಲು ಅಗಲಿಸಿ, ಅಡ್ಡಕೋಲಿನ ಸಮೇತ. ಮೇಲಿನ ಭಾಗಕ್ಕೆ ಹಳೇ ದಿಂಬು. ಪಿಟೀಲು ಒಂದು ಸುತ್ತು ಹಾಕಿ ನೋಡಿ, ‘ಇವಳು ನನಗಿಂತ ಉದ್ದ ಇದಾಳೆ, ಅಕ್ಕ ಅನ್ನಬೇಕು’ ಎಂದು ದಿಂಬಿನ ಮೇಲೆ ಕಣ್ಣು ಮೂಗು ಬರೆದು ಡೂಪಕ್ಕ ಎಂದು ಹೆಸರಿಟ್ಟಳು. ಹೋದಲ್ಲೆಲ್ಲ ಈಗ ಡೂಪಕ್ಕ ನಮ್ಮ ಜೊತೆ. ಹಳೇ ಕಾರು ಮಾರುವ ಯಾರ್ಡುಗಳಲ್ಲಿ ಅಳಿಯ ತಲೆ ಕಡೆ, ಮಾವ ಕಾಲು ಕಡೆ ಹಿಡಿದು ಒಂದೊಂದು ಕಾರಿಗೂ ತುರುಕಿ ನೋಡುವುದನ್ನು ಕಂಡು ಜನ ದಾರಿ ಬಿಡುತ್ತಾರೆ. ಒಬ್ಬ ವಾಚ್‌ಮನ್ ಟೋಪಿ ತೆಗೆದು ನಿಂತುಬಿಟ್ಟ. ಬೆಳ್ಳಿ ಬಣ್ಣದ ಒಂದು ಕಾರು ವೆಬ್‌ಸೈಟಿನಲ್ಲಿ ಎರಡನೇ ರ‍್ಯಾಂಕು, ಅದರ ಬಾಗಿಲಲ್ಲಿ ಡೂಪಕ್ಕನ ಎಡಗಾಲು ಸಿಕ್ಕಿಕೊಂಡು, ಬಿಡಿಸುವಷ್ಟರಲ್ಲಿ ಹಿಮ್ಮಡಿ ಚಕ್ಕೆ ಎದ್ದಿತು. ನಿನ್ನ ಗಂಡನ ಮುಖ ಬಿಳಿಚಿಕೊಂಡಿತು. ಪ್ಲಾಸ್ಟರಿನ ಕಾಲಿಗೇ ಅವನು ಹಾಗಾದರೆ, ನಿಜವಾದ ಕಾಲಿಗೆ?

ಬುಧವಾರ ಬಿಳಿ ಕಾರು ಸಿಕ್ಕಿತು. ನನ್ನ ಹೋಲಿಕೆಯಲ್ಲಿ ಮೊದಲನೆಯದು, ಮೇಲಿನಿಂದ ಕೆಳಗಿನವರೆಗೆ ಹಸಿರು. ಡೂಪಕ್ಕ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಒಳಗೆ ಹೋದಳು. ಯಾರ್ಡಿನ ಯಜಮಾನನಿಗೆ ಪಿಟೀಲು ಇಟ್ಟ ಹೆಸರು ಸೆಂಟಣ್ಣ. ಅವನ ಮೈಯಲ್ಲಿ ಸೆಂಟು, ಅವನ ಒಂದೊಂದು ಕಾರಿನ ಕನ್ನಡಿಗೂ ಒಂದೊಂದು ಸೆಂಟಿನ ಬಾಟಲಿ. ‘ಅಂಕಲ್, ನಿಮ್ಮ ಮನೆ ಮಗು ಅಂದ್ರೆ ನಮ್ಮ ಮನೆ ಮಗು ಇದ್ದ ಹಾಗೆ. ಆದ್ರೆ ಸಂಜೆ ಇನ್ನೊಂದು ಪಾರ್ಟಿ ಬರ್ತಾ ಇದೆ, ನೀವೇ ಯೋಚನೆ ಮಾಡಿ’ ಅಂದ. ನಾನು ಯೋಚನೆ ಮಾಡುವ ಸ್ಥಿತಿಯಲ್ಲಿ ಇರಲಿಲ್ಲ. ಕೈ ಕುಲುಕಲು ಹೊರಟಿದ್ದೆ. ನಿನ್ನ ಗಂಡ ತಡೆದ. ‘ಮಾವ, ಅತ್ತೆ ಇದ್ದಿದ್ರೆ ಕೂರಿಸ್ತಾ ಇದ್ರು’ ಅಂದ.

ನಿನ್ನಮ್ಮನ ಆ ಕ್ರಮ ನಿನಗೆ ಮರೆತಿರಲಾರದು. ಮಂಚವೋ, ಸೋಫಾವೋ, ಈ ಮನೆಯೋ, ಯಾವುದನ್ನೇ ಕೊಳ್ಳುವ ಮೊದಲು ಮನೆಯವರೆಲ್ಲ ಅದರಲ್ಲಿ ಕೂರಬೇಕು, ಒಂದು ಟೀ ಕುಡಿಯುವಷ್ಟು ಹೊತ್ತು, ಬಾಯಿ ಬಿಡಬಾರದು. ‘ನಾವು ಸುಮ್ಮನಾದ್ರೆ ಅದು ಮಾತಾಡುತ್ತೆ’ ಅನ್ನುತ್ತಿದ್ದಳು. ನಿನ್ನ ಗಂಡನನ್ನೂ ಹಾಗೇ ಎದುರಿಗೆ ಕೂರಿಸಿಕೊಂಡು ಸುಮ್ಮನೆ ನೋಡಿದ್ದಳಲ್ಲ. ಅವನು ಗಡಿಯಾರ ನೋಡಲಿಲ್ಲ, ಕೆಮ್ಮಲಿಲ್ಲ, ಪಾಸಾದ. ನಾನೊಬ್ಬನೇ ಯಾವತ್ತೂ ಫೇಲು. ನಡುವೆ ಮಾತಾಡಿಬಿಡುತ್ತಿದ್ದೆ. ‘ಈ ಪ್ಲಾಟ್‌ಫಾರ್ಮಿಗೆ ಯಾವ ರೈಲೂ ಬರ್ತಾ ಇಲ್ಲ, ಮೈಕ್ ಆಫ್ ಮಾಡ್ರೀ’ ಅನ್ನುತ್ತಿದ್ದಳು. ಅವಳು ಹೋದ ಮೇಲೆ ನಾವು ಏನನ್ನೂ ಹಾಗೆ ಕೂತು ನೋಡಿಲ್ಲ. ನೋಡೋಣ ಅಂತ ಯಾರೂ ಅಂದಿರಲೂ ಇಲ್ಲ.

ಕೂತೆವು. ನಿನ್ನ ಗಂಡ ಮುಂದೆ, ನಾನು ಅವನ ಪಕ್ಕ, ಹಿಂದೆ ಡೂಪಕ್ಕ, ಅವಳ ಕಾಲ ಬಳಿ ಪಿಟೀಲು. ಬಾಗಿಲು ಹಾಕಿದ ತಕ್ಷಣ ಸದ್ದೆಲ್ಲ ಹೊರಗೆ ಹೋಯಿತು. ನಿನ್ನಮ್ಮನ ಜೊತೆ ಕೂತಾಗ ಹಾಗೆ ಸುಮ್ಮನಿರುವುದೇ ಬೇರೆ. ಈಗಿನದು ಮೈಕಿನ ಮುಂದೆ ಕೂತು ಹೇಳಲು ಯಾವ ರೈಲೂ ಇಲ್ಲದ ಹಾಗೆ. ನನಗೆ ತಡೆಯಲಾಗಲಿಲ್ಲ. ಚಾವಣಿಯ ಕಿಟಕಿ ಬಗ್ಗೆ ಏನೋ ಅಂದೆ, ಅಲ್ಲಿಂದ ಕಂಪೇರ್ ಅಂಡ್ ಕಾಂಟ್ರಾಸ್ಟಿಗೆ ಹೋದೆ, ಅಲ್ಲಿಂದ ನಮ್ಮ ಇಂಗ್ಲಿಷ್ ಮೇಷ್ಟ್ರ ಮೂಗಿನ ವಿಷಯಕ್ಕೆ. ಹೊತ್ತು ಮುಗಿಯಿತು. ಇಳಿದು, ನಾಳೆ ಮುಂಗಡದ ಜೊತೆ ಬರುತ್ತೇವೆ ಎಂದು ಸೆಂಟಣ್ಣನ ಕೈ ಕುಲುಕಿ ಬಂದೆ.

ಮರುದಿನ ಹೊರಡುವಾಗ ನಿನ್ನ ಗಂಡ ಶೂ ಹಾಕಿಕೊಳ್ಳುತ್ತ, ನನ್ನ ಮುಖ ನೋಡದೆ, ‘ಮಾವ, ನಿನ್ನೆ ಕೂತಿದ್ದು ಲೆಕ್ಕಕ್ಕಿಲ್ಲ’ ಅಂದ. ನನಗೆ ರೇಗಿತು. ದಿನ ಎಷ್ಟು ಉಳಿದಿದೆ ನೋಡು, ಇಡೀ ಪಟ್ಟಿಯಲ್ಲಿ ಒಂದು ಇಂಟು ತೋರಿಸು ನೋಡೋಣ, ಆ ಇನ್ನೊಂದು ಪಾರ್ಟಿ ಎತ್ತಿಕೊಂಡು ಹೋದರೆ ಮಗುವನ್ನು ನಿನ್ನ ಹೆಗಲ ಮೇಲೆ ತರುತ್ತೀಯೇನು ಎಂದೆಲ್ಲ ಅಂದುಬಿಟ್ಟೆ. ಹಲ್ಲು ಕಡಿದದ್ದು ಆಗಲೇ. ಅವನು ತಣ್ಣಗೆ ಶೂ ದಾರ ಕಟ್ಟಿಕೊಂಡ. ಅವನ ಆ ಸ್ವಭಾವಕ್ಕೆ ನನಗೆ ಇನ್ನೂ ರೇಗುತ್ತದೆ. ‘ನೀವು ಮಾತಾಡಿದ್ರಿ. ಅತ್ತೆ ಇದ್ದಿದ್ರೆ ಇನ್ನೊಂದ್ಸಲ ಅಂತಿದ್ರು’ ಅಂದ, ಅಷ್ಟೇ. ಪಿಟೀಲು ನಮ್ಮಿಬ್ಬರ ನಡುವೆ ಕುಣಿತದ ನಡಿಗೆಯಲ್ಲಿ ಬಂದು, ನನ್ನ ತುಟಿಯ ಮೇಲೆ ಬೆರಳಿಟ್ಟು, ‘ತಾತ, ಪಿನ್ ಡ್ರಾಪ್ ಸೈಲೆನ್ಸ್’ ಅಂದಳು. ನಾನೇ ಕಲಿಸಿದ ಇಂಗ್ಲಿಷು.

ಯಾರ್ಡಿನಲ್ಲಿ ನಿನ್ನ ಗಂಡ ಮೊದಲು ಮಾಡಿದ ಕೆಲಸ, ಕನ್ನಡಿಯಿಂದ ಸೆಂಟಿನ ಬಾಟಲಿ ಬಿಚ್ಚಿ ಸೆಂಟಣ್ಣನ ಕೈಗೆ ಕೊಟ್ಟದ್ದು. ‘ಅದು ಫ್ರೀ, ಇಟ್ಕೊಳ್ಳಿ’ ಅಂದ ಆತ. ಇವನು ಇಟ್ಟುಕೊಳ್ಳಲಿಲ್ಲ. ಗಾಜು ಏರಿಸಿ ಕೂತೆವು. ಬಿಸಿಲು ಸುರಿಯುತ್ತಿತ್ತು. ಸೆಂಟಣ್ಣ ಹೊರಗಿನಿಂದ ಬೆರಳಲ್ಲಿ ಗಾಜು ತಟ್ಟುತ್ತ, ಕೈಗಡಿಯಾರ ತೋರಿಸುತ್ತ ಸುತ್ತುತ್ತಿದ್ದ. ನಾನು ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ಬೆವರು ಕಿವಿಯ ಹಿಂದೆ ಇಳಿಯತೊಡಗಿತು. ಇನ್ನೂ ಸ್ವಲ್ಪ ಹೊತ್ತಿಗೆ ಸೀಟಿನ ಕೆಳಗಿನಿಂದ ಒಂದು ವಾಸನೆ ನಿಧಾನವಾಗಿ ಎದ್ದು ಬಂತು. ಒಣಗಿಸದೆ ಮಡಿಚಿಟ್ಟ ಕಂಬಳಿಯಂಥದ್ದು. ನಾನು ಬಾಯಿ ಬಿಡಲಿಲ್ಲ ಮಗಳೇ, ಆಣೆ. ಹಿಂದೆ ತಿರುಗಿದರೆ ಪಿಟೀಲು ಒಂದು ಕೈಯಲ್ಲಿ ತನ್ನ ಮೂಗನ್ನೂ ಇನ್ನೊಂದರಲ್ಲಿ ಡೂಪಕ್ಕನ ಮೂಗನ್ನೂ ಮುಚ್ಚಿ ಹಿಡಿದಿದ್ದಳು. ನಿನ್ನ ಗಂಡ ಹಿಂದಕ್ಕೆ ಬಗ್ಗಿ ಸೀಟ್ ಬೆಲ್ಟನ್ನು ಎಳೆದ. ಪಟ್ಟಿ ಸಿಕ್ಕಿಸುವುದಕ್ಕೆ ಬೇಕಾದಷ್ಟು ಬಂತು, ಅಲ್ಲಿಯವರೆಗೆ ಹೊಸದರ ಹಾಗೆ ಶುದ್ಧ. ಅವನು ನಿಲ್ಲಿಸದೆ ಕೊನೆಯವರೆಗೂ ಎಳೆದ. ಕೊನೆಯಲ್ಲಿ, ಯಾರೂ ಎಳೆಯದ ಜಾಗದಲ್ಲಿ, ಅಡ್ಡಕ್ಕೆ ಒಂದು ಕೆಸರಿನ ಗೆರೆ. ಕಳೆದ ವರ್ಷ ಹೊಳೆ ಉಕ್ಕಿ ಕೆಳಗಿನ ಪೇಟೆಗೆ ನುಗ್ಗಿದಾಗ ಗೋಡೆಗಳ ಮೇಲೆ ಬಿಟ್ಟುಹೋದ ಬಣ್ಣವೇ. ಈ ಕಾರು ಸೀಟು ಮುಳುಗುವಷ್ಟು ನೀರಿನಲ್ಲಿ ನಿಂತಿತ್ತು.

ನಿನಗೆ ನಾನು ಹೇಳಬೇಕೆ, ಉಪ್ಪುನೀರಿನ ಜೊತೆ ಸಂಸಾರ ಮಾಡುವವಳಿಗೆ? ತಂತಿಗಳು ಒಳಗೊಳಗೇ ತಿಂದುಹೋಗಿರುತ್ತವೆ. ಇವತ್ತು ಎಲ್ಲ ದೀಪವೂ ಹತ್ತುತ್ತದೆ, ನಾಳೆ ಬೆಟ್ಟದ ತಿರುವಿನಲ್ಲಿ ಎಲ್ಲ ಒಟ್ಟಿಗೆ ಆರುತ್ತದೆ. ಹಿಂದೆ ಮಗು ಮಲಗಿರುತ್ತದೆ, ಕಾಲು ಅಲ್ಲಾಡಿಸಲೂ ಆಗದೆ. ಸೆಂಟಣ್ಣ ‘ಅದು ಟೀ ಚೆಲ್ಲಿರೋ ಕಲೆ ಅಂಕಲ್’ ಅಂದ. ‘ಸೀಟಿನ ಮಟ್ಟಕ್ಕೆ ಟೀ ತುಂಬ್ಕೊಂಡು ಕುಡೀತಿದ್ರಾ ಹಿಂದಿನ ಓನರು?’ ಎಂದು ನಿನ್ನ ಗಂಡ ಕೇಳಿದ. ಅವನ ಬಾಯಿಂದ ಅಂಥ ಮಾತು ನಾನು ಮೊದಲ ಸಲ ಕೇಳಿದ್ದು. ಡೂಪಕ್ಕನನ್ನು ಎತ್ತಿಕೊಂಡು ಬಂದೆವು. ಹಿಂದಿನ ದಿನವೇ ಸುಮ್ಮನೆ ಕೂತಿದ್ದರೆ ಒಂದು ದಿನ ಉಳಿಯುತ್ತಿತ್ತು.

ಶುಕ್ರವಾರ ಪರೀಕ್ಷೆಯ ಫಲಿತಾಂಶ ತರಲು ಒಬ್ಬನೇ ಬಸ್ಸಿನಲ್ಲಿ ಆಸ್ಪತ್ರೆಗೆ ಹೋದೆ. ಹೊರಗೆ ಬಂದು ಪಾರ್ಕಿಂಗಿನಲ್ಲಿ ನಿಂತಾಗ ನನ್ನ ಮಂದ ಬುದ್ಧಿಗೆ ಹೊಳೆಯಿತು, ಹೋಲಿಸಬೇಕಾದ ಜಾಗ ಇದೇ ಅಲ್ಲವೇ! ಪ್ಲಾಸ್ಟರಿನ ಮಕ್ಕಳನ್ನು ತಂದ ಗಾಡಿಗಳೆಲ್ಲ ಸಾಲಾಗಿ ನಿಂತಿವೆ. ಯಾವುದರಿಂದ ಮಗುವನ್ನು ಇಳಿಸುವಾಗ ತಾಯಿ ಹಲ್ಲು ಕಚ್ಚುತ್ತಾಳೆ, ಯಾವುದರಿಂದ ಇಳಿಸುವಾಗ ಮಗು ಇನ್ನೂ ನಿದ್ದೆಯಲ್ಲೇ ಇರುತ್ತದೆ, ನೋಡುತ್ತ ಮಧ್ಯಾಹ್ನದವರೆಗೆ ನಿಂತೆ. ನಾಚಿಕೆ ಬಿಟ್ಟು ಒಬ್ಬೊಬ್ಬರನ್ನೇ ಕೇಳಿದೆ. ಸೆಕ್ಯೂರಿಟಿಯವನು ಎರಡು ಸಲ ಬಂದು ಏನು ಬೇಕು ತಾತ ಎಂದು ವಿಚಾರಿಸಿಕೊಂಡು ಹೋದ. ಕೊನೆಗೆ ಒಂದು ಕಂದು ಬಣ್ಣದ ಗಾಡಿ. ನನ್ನ ವೆಬ್‌ಸೈಟಿನಲ್ಲಿ ಅದಕ್ಕೆ ತುಂಬ ಇಂಟುಗಳು, ಪಕ್ಕದಲ್ಲಿ ನೆಗ್ಗಿದೆ, ಬಣ್ಣ ಒಣಗಿದ ಗೋಂದಿನ ಹಾಗಿದೆ. ಆದರೆ ಹಿಂದಿನ ಬಾಗಿಲು ನಮ್ಮ ಅಡುಗೆಮನೆ ಬಾಗಿಲಿನಷ್ಟು. ಸೀಟು ಮಡಿಚಿದರೆ ನೆಲ ಸಮತಟ್ಟು. ಸೀಟಿನ ಬಟ್ಟೆಯ ಮೇಲೆಲ್ಲ ಪ್ಲಾಸ್ಟರಿನ ಬಿಳಿ ಉಜ್ಜಿದ ಗುರುತು. ಅದರ ಯಜಮಾನಿ ಒಬ್ಬ ಬೇಕರಿಯಾಕೆ, ತೋಳಿನ ತುಂಬ ಒಲೆಯ ಸುಟ್ಟ ಕಲೆ. ಅವಳ ಮಗನ ಪ್ಲಾಸ್ಟರು ಅವತ್ತೇ ಬಿಚ್ಚಿದ್ದರು. ಗಾಡಿ ಮಾರುತ್ತೀರಾ ಎಂದು ಕೇಳಿದ್ದಕ್ಕೆ ಜೊತೆಗಿದ್ದ ಅವಳ ಗಂಡ, ಮನೆಗೆ ಬಂದು ನೋಡಿ ಎಂದ. ನಿನ್ನೆ ನಾವೆಲ್ಲ ಅವಳ ಮನೆಗೆ ಹೋದೆವು. ಡೂಪಕ್ಕ ಮಲಗಿದಳು, ಬೆಲ್ಟು ಕೊನೆಯವರೆಗೂ ಶುದ್ಧವಾಗಿತ್ತು, ಮೆಕ್ಯಾನಿಕ್ಕು ಅಡಿಯಲ್ಲಿ ತೆವಳಿ ನೋಡಿ ಹೆಬ್ಬೆರಳು ತೋರಿಸಿದ. ಸುಮ್ಮನೆ ಕೂತೆವು. ನಾನು ಪಾಸಾದೆ. ಕಿಟಕಿಯಿಂದ ಬ್ರೆಡ್ಡಿನ ವಾಸನೆ ಬರುತ್ತಿತ್ತು. ಹಿಂದಿನ ಸೀಟಿನಲ್ಲಿ ಇನ್ನೂ ಒಬ್ಬರು ಕೂತಿದ್ದಾರೆ ಅನ್ನಿಸಿತು, ತಿರುಗಿ ನೋಡಲು ಹೋಗಲಿಲ್ಲ.

ಇಷ್ಟಾಗಿ ಬೇಕರಿಯಾಕೆ ಕೊಡಲು ಒಪ್ಪುತ್ತಿಲ್ಲ. ಗಂಡ ಕೊಡೋಣ ಅನ್ನುತ್ತಾನೆ, ಅವಳು ಒಲ್ಲೆ ಅನ್ನುತ್ತಾಳೆ. ‘ಇವತ್ತು ಮಾರಿ, ನಾಳೆ ಇವನ ಕಾಲಿಗೆ ಮತ್ತೆ ಬೇಕು ಅಂದ್ರೆ? ಆ ಗಾಡಿ ಮನೆ ಮುಂದೆ ಇದ್ರೇನೇ ನನಗೆ ನಿದ್ದೆ’ ಅಂದಳು. ಇದಕ್ಕೆ ಏನು ಹೇಳುತ್ತೀಯ? ಅವಳ ಮಗ ಕೋಲು ಹಿಡಿದು ಅಂಗಳದಲ್ಲಿ ಹೆಜ್ಜೆ ಹಾಕುತ್ತಿದ್ದ. ಪಿಟೀಲು ಅವನ ಹಿಂದೆ ಹಿಂದೆ ಕುಣಿಯುತ್ತ, ನೋವಾಯ್ತಾ, ಕೆರೆತ ಬಂದ್ರೆ ಹೇಗೆ ಕೆರ್ಕೊಂಡೆ ಎಂದು ವಿಚಾರಣೆ ನಡೆಸಿದ್ದಳು. ಬೇಕರಿಯಾಕೆ ಅದನ್ನು ನೋಡುತ್ತ ನಿಂತಿದ್ದಳು. ಯೋಚಿಸಿ ಹೇಳುತ್ತೇನೆ ಅಂದಿದ್ದಾಳೆ. ಅವಳು ಕೊಡದಿದ್ದರೆ ಇಪ್ಪತ್ತರೊಳಗೆ ಬೇರೆ ಯಾವುದು ಎಂದು ನನಗೆ ತಿಳಿಯದು. ನಿನ್ನ ಗಂಡ ಕೆಳಗೆ ಡೂಪಕ್ಕನ ಚಕ್ಕೆ ಎದ್ದ ಹಿಮ್ಮಡಿಗೆ ಪ್ಲಾಸ್ಟರು ಮೆತ್ತುತ್ತಿದ್ದಾನೆ. ಮಾಡಲು ಬೇರೆ ಕೆಲಸ ಇಲ್ಲದವನ ಹಾಗೆ, ಅದೇ ಜಾಗಕ್ಕೆ ಮತ್ತೆ ಮತ್ತೆ.

ನಿನಗೆ ಅಲ್ಲಿಂದ ಏನೂ ಮಾಡಲಾಗುವುದಿಲ್ಲ, ಗೊತ್ತು. ಗೊತ್ತಿದ್ದೂ ಬರೆದೆ. ನಿನ್ನಮ್ಮ ಇದ್ದಿದ್ದರೆ ಬರೆಯಬೇಡಿ ಅನ್ನುತ್ತಿದ್ದಳು. ಊಟ ಬಿಡಬೇಡ, ಬೆನ್ನಿಗೆ ಬಿಸಿ ಚೀಲ ಇಟ್ಟುಕೋ. ನಿನ್ನ ಚೀಫ್ ಎಂಜಿನಿಯರಿಗೆ ನನ್ನ ಕೈಂಡ್ ರಿಗಾರ್ಡ್ಸು. ನಿನಗೆ, ನಿನ್ನ ಎಂಜಿನ್ನಿಗೆ, ಅದರ ಕೆಳಗಿನ ಅಷ್ಟೂ ನೀರಿಗೆ ಈ ಮುದುಕನ ಆಶೀರ್ವಾದ.

ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತ,
ನಿನ್ನ ಅಪ್ಪ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ, ಎಲೆಕ್ಟ್ರಿಷಿಯನ್ ಗೇಟಿನಲ್ಲಿ ನಿಂತಿದ್ದಾನೆ. ಆಸ್ಪತ್ರೆಯಿಂದ ಫೋನ್ ಬಂತು. ನಮಗಿಂತ ಮುಂದಿದ್ದ ಮಗುವಿಗೆ ಜ್ವರವಂತೆ, ಸರದಿ ನಮಗೆ ಬಂದಿದೆ. ನಾಳೆ ಮಧ್ಯಾಹ್ನದೊಳಗೆ ಗಾಡಿಯ ಸಮೇತ ಬನ್ನಿ, ಇಲ್ಲದಿದ್ದರೆ ಮುಂದಿನವರನ್ನು ಕರೆಯುತ್ತೇವೆ ಅಂದರು. ನಿನ್ನ ಗಂಡ ಬೇಕರಿಯಾಕೆಗೆ ಫೋನ್ ಮಾಡಿದ. ಅವಳು ಪೂರ್ತಿ ಕೇಳಿಸಿಕೊಂಡು ಫೋನ್ ಇಟ್ಟುಬಿಟ್ಟಳು. ನಾನು ವೆಬ್‌ಸೈಟಿನ ಪಟ್ಟಿಯನ್ನು ಮತ್ತೆ ತೆರೆದು ಕೂತೆ. ಆಗ ಹೊರಗೆ ಹಾರ್ನು. ಕಂದು ಗಾಡಿ, ಅವಳೇ ಓಡಿಸಿಕೊಂಡು ಬಂದಿದ್ದಾಳೆ, ಏಪ್ರನ್ನೂ ಬಿಚ್ಚಿಲ್ಲ. ‘ಮಾರೋದು ಬಿಡೋದು ಆಮೇಲೆ ಮಾತಾಡೋಣ. ಮೊದಲು ಮಗು ಹೋಗಿ ಮಲಗಿಕೊಂಡು ಬರಲಿ’ ಎಂದು ಕೀಲಿಯನ್ನು ಪಿಟೀಲಿನ ಕೈಗೆ ಕೊಟ್ಟು, ಪಟ್ಟಿ ಹೇಗೆ ಬಿಗಿಯಬೇಕೆಂದು ಡೂಪಕ್ಕನ ಮೇಲೆ ಕಟ್ಟಿ ತೋರಿಸಿ, ನಡೆದೇ ಹೋದಳು. ನಿನ್ನ ಕಂಪನಿ ಆಫೀಸಿಗೂ ಸುದ್ದಿ ಹಾಕಿದ್ದೇವೆ, ಇದಕ್ಕಿಂತ ಮೊದಲು ಅದು ಮುಟ್ಟಿದರೆ ಒಳ್ಳೆಯದೇ. ನಾಳೆ ಬೆಳಕು ಹರಿದ ಕೂಡಲೇ ಹೊರಡುತ್ತೇವೆ. ಬೆಟ್ಟ ದಾಟುವವರೆಗೆ ತಾತ ಮಾತಾಡಬಾರದು, ಅಪ್ಪ ದಾರಿ ನೋಡಬೇಕು ಎಂದು ನಿನ್ನ ಮಗಳ ಆಜ್ಞೆ. ಆಪರೇಷನ್ ಮಂಗಳವಾರ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಎಂಟಕ್ಕೆ. ಆ ಹೊತ್ತಿಗೆ ನೀನು ಎಲ್ಲಿದ್ದರೂ, ಎಂಜಿನ್ನಿನ ಪಕ್ಕದಲ್ಲೇ ಆಗಲಿ, ಒಂದು ಟೀ ಕುಡಿಯುವಷ್ಟು ಹೊತ್ತು ಸುಮ್ಮನೆ ಕೂತುಕೋ. ಇಲ್ಲಿ ಬಾಗಿಲ ಹೊರಗೆ ನಾವಿಬ್ಬರೂ ಕೂತಿರುತ್ತೇವೆ. ಮೈಕ್ ಆಫ್ ಮಾಡುತ್ತೇನೆ.